ಚೋಕ್ ಇರಬೇಕಾದ ಜಾಗದಲ್ಲಿ

ನಡುಗುತ್ತಿದೆ, ಹಸಿರು ಗೆರೆ, ಮಾನಿಟರಿನ ಈ ಅಂಚಿನಿಂದ ಆ ಅಂಚಿನವರೆಗೂ, ಚಳಿಜ್ವರ ಬಂದವರ ಕೈಬರಹದ ಹಾಗೆ, ಅದರೊಳಗೆಲ್ಲೋ ಈ ಮನುಷ್ಯನ ಎದೆಬಡಿತ ಇರಬೇಕು, ಕಾಣುವುದಿಲ್ಲ — ಮಾನಿಟರ್ ಕೆಟ್ಟಿದೆ ಬೇಗ ಬನ್ನಿ ಎಂದು ಫೋನು ಬಂತು, ಓಡಿ ಬಂದೆ, ಹದಿನೆಂಟು ವರ್ಷದಿಂದ ಈ ಆಸ್ಪತ್ರೆಯ ಯಂತ್ರಗಳ ರಿಪೇರಿ ನನ್ನದೇ, ಮಾನಿಟರ್ ಕೆಟ್ಟಿಲ್ಲ, ಅದಕ್ಕೆ ಪಕ್ಕದ ಇನ್ನಾವುದೋ ಯಂತ್ರದ ಗಲಾಟೆ ಕೇಳಿಸುತ್ತಿದೆ, ಅಷ್ಟೆ. ಹಾಸಿಗೆಯಲ್ಲಿ ದರ್ಜಿ, ಅರವತ್ತು ದಾಟಿರಬಹುದು, ಪಕ್ಕದ ಸ್ಟೂಲಿನಲ್ಲಿ ಹೆಂಡತಿ, ಬೆಳಿಗ್ಗೆ ಎಂಟಕ್ಕೆ ಆತನ ಬಡಿತ ನಿಜವಾಗಿಯೂ ತಪ್ಪಿತಂತೆ, ಅಲಾರಾಂ ಕೂಗಲಿಲ್ಲ, ಆಕೆ ಕೂಗಿದಳು, ಡಾಕ್ಟರು ಓಡಿ ಬಂದು ಉಳಿಸಿಕೊಂಡರು. ಎರಡು ದಿನದಿಂದ ಅಲಾರಾಂ ಸುಮ್ಸುಮ್ನೆ ಬಡ್ಕೋತಿತ್ತು ಅಕ್ಕಾ, ನಿಮಿಷಕ್ಕೊಂದ್ಸಲ, ತಲೆ ಕೆಟ್ಟು ಸದ್ದು ನಿಲ್ಸಿಟ್ಟೆ, ಎನ್ನುತ್ತಾಳೆ ಚಿಕ್ಕ ನರ್ಸ್, ಹನ್ನೊಂದಕ್ಕೆ ಸೂಪರಿಂಟೆಂಡೆಂಟ್ ಮೇಡಂ ಕರ್ದಿದಾರೆ, ನನ್ ಕೆಲ್ಸ ಹೋಯ್ತು ಅಂತಾನೇ ತಿಳ್ಕೊಳಿ. ದೀಪ ಆರಿಸಿದೆ, ನಡುಕ ಹಾಗೆಯೇ ಇತ್ತು, ಫ್ಯಾನ್ ನಿಲ್ಲಿಸಿದೆ, ಹಾಗೆಯೇ, ಔಷಧಿ ಹನಿಸುವ ಪಂಪಿನ ಪ್ಲಗ್ ಕಿತ್ತೆ, ಪಂಪ್ ಬ್ಯಾಟರಿ ಮೇಲೆ ಓಡುತ್ತಲೇ ಇತ್ತು, ಗೆರೆ ಮಾತ್ರ ಒಮ್ಮೆಗೇ ಶುಭ್ರವಾಯಿತು, ಏರು ಇಳಿವು ಏರು ಇಳಿವು, ಪಂಪಿನ ಬೆನ್ನ ಮೇಲಿನ ನಂಬರ್ ಓದಿದೆ, ನಾನೇ ರಿಪೇರಿ ಮಾಡಿದ್ದ ಪಂಪ್.

ಬೇರೆ ಪಂಪ್ ಹಾಕಿಸಿ ಇದನ್ನು ವರ್ಕ್‌ಶಾಪಿಗೆ ತಂದು ಬಿಚ್ಚುವಾಗಲೇ ಗೊತ್ತಿತ್ತು ಏನು ಕಾಣುತ್ತದೆಂದು, ಕರೆಂಟಿನ ಗಲಾಟೆ ತಡೆಯುವ ಚೋಕ್ ಇರಬೇಕಾದ ಜಾಗದಲ್ಲಿ ಎರಡು ತುಂಡು ತಂತಿ, ಬೆಸುಗೆ ನನ್ನದೇ, ನೀಟಾಗಿದೆ, ಯಾರೂ ಕುಂದು ಹೇಳುವಂತಿಲ್ಲ — ಹೋದ ತಿಂಗಳು ಪಂಪ್ ಕೆಳಗೆ ಬಿದ್ದು ಚೋಕಿನ ಕಪ್ಪು ಬಳೆ ಎರಡು ಹೋಳಾಗಿತ್ತು, ಉಗ್ರಾಣದಲ್ಲಿ ಬೇರೆ ಇರಲಿಲ್ಲ, ಮೂರು ವಾರ ಆಗತ್ತೆ ಎಂದರು, ವಾರ್ಡಿನವರಿಗೆ ಅವತ್ತೇ ಬೇಕು, ನೇರ ತಂತಿ ಎಳೆದುಬಿಟ್ಟೆ. ಓಡಿತು, ಹನಿ ಲೆಕ್ಕವೂ ಸರಿ ಬಂತು, ಅದೇ ತಾನೇ ಮೋಸ, ಚೋಕ್ ಇಲ್ಲದಿದ್ದರೂ ಪಂಪಿಗೆ ಏನೂ ಆಗುವುದಿಲ್ಲ, ತೊಂದರೆ ನೆರೆಯವರಿಗೆ. ಒಂದು ಬಳೆ, ಅದರ ಮೇಲೆ ತಾಮ್ರದ ತಂತಿಯ ಎರಡು ಸುರುಳಿ, ಒಂದರಲ್ಲಿ ಹೋದ ಕರೆಂಟು ಇನ್ನೊಂದರಲ್ಲಿ ವಾಪಸು ಬರುತ್ತದೆ, ಎರಡರ ಸೆಳೆತವೂ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ಹಾಗಾಗಿ ಕೆಲಸದ ಕರೆಂಟಿಗೆ ಅಲ್ಲಿ ತಡೆಯೇ ಇಲ್ಲ, ಪಂಪಿನೊಳಗೆ ಹುಟ್ಟುವ ಗಲಾಟೆ ಹಾಗಲ್ಲ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ನಡುಗುತ್ತ ಎರಡೂ ತಂತಿಯಲ್ಲಿ ಒಂದೇ ದಿಕ್ಕಿಗೆ ನುಗ್ಗುತ್ತದೆ, ಆಗ ಎರಡು ಸುರುಳಿಯೂ ಒಟ್ಟಾಗಿ ಅಡ್ಡ ನಿಲ್ಲುತ್ತವೆ, ಹೊಸಬರಿಗೆಲ್ಲ ಇದನ್ನೇ ಪಾಠ ಮಾಡಿದವಳು ನಾನು. ಹೊಸ ಚೋಕುಗಳು ಬಂದು ಹತ್ತು ದಿನವಾಯಿತು, ಡ್ರಾಯರಿನಲ್ಲಿವೆ, ಇವತ್ತು ನಾಳೆ ಎನ್ನುತ್ತ ಮರೆತೆ, ಮೊನ್ನೆ ಯಾರೋ ಪಂಪನ್ನು ದರ್ಜಿಯ ಮಾನಿಟರಿನ ಪಕ್ಕಕ್ಕೆ ತಂದಿಟ್ಟರು. ಬೆಸುಗೆ ಹಾಕಲು ನಾಲ್ಕು ನಿಮಿಷ. ಹಾಕಿ ಮುಚ್ಚಿದರೆ ಯಾರಿಗೂ ಗೊತ್ತಾಗುವುದಿಲ್ಲ, ಸದ್ದು ನಿಲ್ಲಿಸಿದ್ದು ಆ ಹುಡುಗಿಯೇ, ಅದು ಸುಳ್ಳಲ್ಲ, ಸುಳ್ಳಲ್ಲ ಎಂದುಕೊಳ್ಳುತ್ತಲೇ ಗಡಿಯಾರ ನೋಡಿದೆ, ಹನ್ನೊಂದಕ್ಕೆ ಐದು ನಿಮಿಷ, ಚೋಕ್ ಹಾಕಲಿಲ್ಲ, ಬಿಚ್ಚಿದ ಪಂಪನ್ನು ಹಾಗೆಯೇ ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ಇದೇನು, ಎಂದರು ಮೇಡಂ. ನನ್ ತಪ್ಪು ಮೇಡಂ, ಈ ಎರಡು ತಂತಿ ನಾನೇ ಹಾಕಿದ್ದು, ಅದ್ರಿಂದಾನೇ ಅಲಾರಾಂ ಸುಮ್ನೆ ಕೂಗ್ತಿತ್ತು. ನರ್ಸ್ ನನ್ನ ಮುಖವನ್ನೇ ನೋಡಿದಳು. ಬರೆದು ಕೊಡ್ತೀರಾ? ಕೊಡ್ತೀನಿ. ಬರೆದೆ, ಸಹಿ ಹಾಕಿದೆ. ಸದ್ದು ನಿಲ್ಸಿದ್ದೂ ತಪ್ಪೇ, ನಿಂಗೆ ಎಚ್ಚರಿಕೆ ಪತ್ರ ಬರತ್ತೆ, ಈಗ ವಾರ್ಡಿಗೆ ಹೋಗು, ಎಂದರು ಅವಳಿಗೆ, ನನಗೆ, ವಿಚಾರಣೆ ಮುಗಿಯೋವರ್ಗೂ ವರ್ಕ್‌ಶಾಪಿನ ಬೆಂಚ್ ಮುಟ್ಬೇಡಿ, ಇದೊಂದು ಸರಿ ಮಾಡಿ ಬೀಗದ ಕೈ ಕೊಟ್ಬಿಡಿ. ಸರಿ ಮಾಡಿದೆ, ವಾರ್ಡಿಗೆ ತಂದು ಮಾನಿಟರಿನ ಪಕ್ಕದಲ್ಲೇ ಪ್ಲಗ್ ಚುಚ್ಚಿದೆ, ಗೆರೆ ಅಲುಗಲಿಲ್ಲ, ಅಲಾರಾಮಿನ ಸದ್ದನ್ನು ನಾನೇ ಮತ್ತೆ ಹಾಕಿದೆ, ಈಗ ಸರಿಯಾಯ್ತಮ್ಮ, ಇನ್ನು ಯಂತ್ರ ನೋಡ್ಕೊಳತ್ತೆ, ಎಂದೆ ದರ್ಜಿಯ ಹೆಂಡತಿಗೆ, ಹೂಂ ಎಂದಳು, ಮಾನಿಟರಿನತ್ತ ತಿರುಗಲಿಲ್ಲ, ಆಗ ಕಂಡಿತು, ಬೆಳಿಗ್ಗೆ ಆಕೆಗೆ ಹೇಗೆ ಗೊತ್ತಾಯಿತೆಂದು ನಾವ್ಯಾರೂ ಕೇಳಿರಲೇ ಇಲ್ಲ, ಹೊದಿಕೆಯ ಅಂಚಿನಲ್ಲಿ ಗಂಡನ ಮಣಿಕಟ್ಟು, ಅದರ ಮೇಲೆ ಆಕೆಯ ಎರಡು ಬೆರಳು, ತುಟಿ ಅಲುಗುತ್ತಿದೆ, ಮೂವತ್ತೊಂದು, ಮೂವತ್ತೆರಡು, ಬೀಗದ ಕೈ ಕೊಡಬೇಕು, ಕೆಳಗಿಳಿಯಬೇಕು, ಮಣಿಕಟ್ಟಿನ ಮೇಲೆ ಎರಡು ಬೆರಳು, ಎರಡು ಬೆರಳು —