ಕಂಬದ ಹಿಂದಿನ ಹೆಸರು

ಆ ನಾಲ್ವರು ಹುಡುಗಿಯರ ಹಾಡು ದಾಸರಹಳ್ಳಿಯ ಯಾವ ಆಟೋದಲ್ಲಿ ಕೇಳಿಸಿದರೂ, ನನ್ನ ಸಿಟ್ಟಿಗೆ ಆಧಾರವಿಲ್ಲವೆಂದು ಗೊತ್ತಾದ ಮೇಲೂ, ಮೈ ಉರಿಯುತ್ತದೆ. ಆ ಹಾಡುಗುಂಪಿನಲ್ಲಿ ಮೊದಲು ಐವರಿದ್ದರು, ಐದನೆಯವಳ ಹೆಸರನ್ನು ಅವರು ಎಲ್ಲಿಯೂ ಎತ್ತುವುದಿಲ್ಲ.

ಆ ಐದನೆಯವಳು ವನಿತಾ. ನನ್ನ ಮೈಕ್‌ಸೆಟ್ ಅಂಗಡಿಯ ಪಕ್ಕದಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮಿಷನ್ ತುಳಿಯುತ್ತಾ ಹಾಡುವಾಗ ಎಡಗಿವಿಯನ್ನು ಭುಜಕ್ಕೊತ್ತಿಕೊಳ್ಳುವುದು, ಗಿರಾಕಿ ಬಂದರೆ ಸ್ವರವನ್ನು ಅರ್ಧಕ್ಕೇ ನುಂಗುವುದು, ಹೊಗಳಿದರೆ ದಾರದುಂಡೆ ಹುಡುಕುವ ನೆಪದಲ್ಲಿ ಮೇಜಿನಡಿ ಇಳಿದುಬಿಡುವುದು ಅವಳ ರೀತಿ. ಮಂದ್ರಕ್ಕಿಳಿದರೆ ಬಾವಿಯೊಳಗಿಂದ ಬಂದಂಥ ಗಂಭೀರ ಕಂಠ. ಶಾಲೆ ಹೆಚ್ಚು ಕಾಣದ ನನಗೆ ರಾಗದ ಹೆಸರು ತಿಳಿಯದು. ಮೈಕು ಕಟ್ಟಿ ಪಳಗಿದ ಕಿವಿಗೆ ಕಂಠ ತಿಳಿಯುತ್ತದೆ.

"ಯಾಕಮ್ಮಾ ಗುಂಪು ಬಿಟ್ಟೆ?" ಎಂದರೆ, "ಬಿಡಣ್ಣ, ಹಳೇ ಕತೆ" ಎನ್ನುತ್ತಿದ್ದಳು. ಅವರೇ ಓಡಿಸಿದರೆಂದು ನಾನು ತೀರ್ಮಾನಿಸಿದ್ದೆ.

ಹೋದ ತಿಂಗಳು ಆ ನಾಲ್ವರಲ್ಲೊಬ್ಬಳಾದ ಸಬೀರಾ ಕಾರಿನಿಂದಿಳಿದು, ವನಿತಾಳ ಅಂಗಡಿ ಯಾವುದೆಂದು ನನ್ನನ್ನೇ ಪಿಸುದನಿಯಲ್ಲಿ ಕೇಳಿದಳು. ನನಗೆ ನೆತ್ತಿಗೇರಿತು.

"ಗಟ್ಟಿಯಾಗಿ ಮಾತಾಡಮ್ಮ! ಫೇಮಸ್ ಆದ್ಮೇಲೆ ಗಂಟ್ಲೂ ದುಬಾರಿ ಆಯ್ತಾ?"

ಬೀದಿಯವರು ನಕ್ಕರು. ವನಿತಾ ಕೊರಳಲ್ಲಿ ಟೇಪು ನೇತಾಡುತ್ತಿದ್ದಂತೆಯೇ ಓಡಿಬಂದಳು.

"ಸುಮ್ನಿರಣ್ಣ! ಅವ್ಳ ಗಂಟ್ಲು ಹೋಗಿದ್ದು ನನ್ನಿಂದ ಕಣಣ್ಣ."

ಆಮೇಲೆ ತಿಳಿಯಿತು. ಯಲಹಂಕದ ಒಂದು ಕಾರ್ಯಕ್ರಮಕ್ಕೆ ಐವರ ಹೆಸರಿನ ಫ್ಲೆಕ್ಸ್ ಕಟ್ಟಿದ್ದರು. ಜಾಗ ಸಾಲದೆ ಅದರ ತುದಿಯನ್ನು ಕಂಬಕ್ಕೆ ಸುತ್ತಿದ್ದರಿಂದ ಕೊನೆಯಲ್ಲಿದ್ದ ವನಿತಾಳ ಹೆಸರು ಹಿಂದಕ್ಕೆ ಸರಿದಿತ್ತು. ತನ್ನನ್ನು ಕೈಬಿಟ್ಟರೆಂದು ತಿಳಿದ ವನಿತಾ ಮಾತಿಲ್ಲದೆ ಹೊರಟುಹೋದಳು, ಫೋನೂ ಎತ್ತಲಿಲ್ಲ. ಅವಳ ಮಂದ್ರದ ಸಾಲುಗಳನ್ನು ಅಂದು ಜ್ವರದಲ್ಲೇ, ಮುಂದೆ ರೆಕಾರ್ಡಿಂಗಿನಲ್ಲೂ, ಸಬೀರಾ ಗಂಟಲು ಹಿಂಡಿ ಹಾಡಿದಳು. ಹಾಡು ಊರೆಲ್ಲ ಹಬ್ಬಿತು, ದನಿ ಮರಳಲಿಲ್ಲ. ಈಗ ವೇದಿಕೆಯಲ್ಲಿ ಬರೀ ತುಟಿಯಾಡಿಸುತ್ತಾಳೆ. ನಿಜ ತಿಳಿದ ಮೇಲೆ ನಾಚಿಕೆಯಿಂದ, ತನ್ನ ಹೆಸರು ಎಲ್ಲೂ ಹೇಳಬೇಡಿರೆಂದು ಬೇಡಿಕೊಂಡವಳು ವನಿತಾಳೇ.

"ಕಂಬದ ಆ ಕಡೆ ಒಂದ್ಸಲ ಬಗ್ಗಿ ನೋಡಿದ್ರೆ ಸಾಕಿತ್ತು" ಎಂದಳು ವನಿತಾ.

"ನಿನ್ ಕೋಪಕ್ಕಿಷ್ಟು ಬೆಂಕಿ ಹಾಕ! ಬ್ಲೌಸ್ ಹೊಲ್ಕೊಡ್ತೀಯೋ ಇಲ್ವೋ ಹೇಳೇ" ಎಂದು ಸಬೀರಾ ಸದ್ದಿಲ್ಲದೆ ನಕ್ಕಳು.

ಕುತ್ತಿಗೆಯ ಅಳತೆ ತೆಗೆಯುವಾಗ ವನಿತಾಳ ಕೈ ನಿಂತುಬಿಟ್ಟಿತು. ಬೀದಿಗೆ ಕೇಳುವಂತೆ ಕೂಗಿದ್ದ ನಾನು ನನ್ನ ಅಂಗಡಿಯ ಸ್ಟೂಲು ತಂದು ಸಬೀರಾಳ ಪಕ್ಕದಲ್ಲಿಟ್ಟೆ.

ಗುಂಪು ಬಿಟ್ಟವರನ್ನು ಕಂಡರೆ ಕೈತಪ್ಪಿದ ಕೀರ್ತಿಗಾಗಿ ನಾವು ಮರುಗುತ್ತೇವೆ. ವನಿತಾಳಂಥವರು ಮರುಗುವುದು ತಾವು ಬಿಟ್ಟೆದ್ದ ಜಾಗದಲ್ಲಿ ನಿಂತು ಸವೆದವರಿಗಾಗಿ. ಸವೆದವಳು ಏನನ್ನೂ ಕೇಳುತ್ತಿಲ್ಲ. ಅದಕ್ಕೇ ಆ ಋಣ ತೀರುತ್ತಲೂ ಇಲ್ಲ.