ಉಪ್ಪು ಹಾಕಿದ ಬರ್ಫ

ಬಸವನ ಬಾಗೇವಾಡಿಯಿಂದ ವಿಜಯಪುರಕ್ಕೆ ದಿನಾ ಬಸ್ಸಿನಲ್ಲಿ ನಿಂತೇ ಬರುವ ನಾಜಿಮಾಳಿಗೆ ಸೀಟು ಸಿಕ್ಕ ದಿನವೇ ಹಬ್ಬ. ಅವತ್ತು ಹಬ್ಬವಿರಲಿಲ್ಲ. ಪ್ರಯೋಗಾಲಯದ ಮೆಟ್ಟಿಲು ಹತ್ತುವಾಗ ಮೊಣಕಾಲುಗಳು ಒಲ್ಲೆ ಅನ್ನುತ್ತಿದ್ದವು. ರಕ್ತದ ಕ್ಯಾನ್ಸರ್ ಯಾವ ಬಗೆಯದೆಂದು ಕಂಡುಹಿಡಿಯುವ ಯಂತ್ರದ ಕೆಲಸ ಅವಳೊಬ್ಬಳ ತಲೆಗೇ ಬಿದ್ದಿತ್ತು. ಇನ್ನೊಬ್ಬರನ್ನು ಕೊಡುತ್ತೇವೆ ಎಂದು ಮಾಲೀಕರು ಹೇಳುತ್ತಲೇ ಇದ್ದರು. ಹೇಳುವುದಕ್ಕೆ ಅವರಿಗೇನು ಕಷ್ಟ!

ಬಾಗಿಲ ಹೊರಗಿನ ಬೆಂಚಿನ ಮೇಲೆ ಮೋರಟಗಿಯ ಕುರಿಗಾರ ಸೋಮನಿಂಗ ತೊಡೆಯ ಮೇಲೆ ಥರ್ಮಾಸು ಇಟ್ಟುಕೊಂಡು ಕೂತಿದ್ದ. ಅವನ ಮಗಳು ಸುವರ್ಣಾ ಕಾಲೇಜಿಗೆ ಹೋಗುವ ಹುಡುಗಿ, ಜ್ವರ ಬಂದು ಬಂದು ಸೊರಗಿಹೋಗಿದ್ದಳು. ಹಿಂದಿನ ಸಂಜೆ ಸಿಂದಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಸೊಂಟದ ಎಲುಬಿಗೆ ದಪ್ಪ ಸೂಜಿ ಇಳಿಸಿ ಮಜ್ಜೆ ತೆಗೆದಿದ್ದರು. ತೋಳಿನ ರಕ್ತದಲ್ಲಿ ಕೆಟ್ಟ ಕೋಶಗಳು ಕಂಡಿರಲಿಲ್ಲ. ಇದ್ದರೆ ಎಲುಬಿನೊಳಗೇ ಇರಬೇಕು. ಇನ್ನೊಮ್ಮೆ ಆ ಸೂಜಿ ತಂದರೆ ಊರು ಬಿಟ್ಟು ಓಡಿಹೋಗುತ್ತೇನೆ ಎಂದು ಹುಡುಗಿ ಹೇಳಿದ್ದಳಂತೆ. ಮಗಳು ಅಷ್ಟು ನೋವು ತಿಂದು ಕೊಟ್ಟದ್ದನ್ನು ಕಂಡವರ ಕೈಗೆ ಕೊಡಲು ಮನಸ್ಸಾಗದೆ ಸೋಮನಿಂಗ ತಾನೇ ಹೊತ್ತು ತಂದಿದ್ದ.

ನಾಜಿಮಾ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟಳು. ಒಳಗೆ ತುಂಬ ಮಂಜುಗಡ್ಡೆ, ಆ ಬರ್ಫದ ಮೇಲೆ ಉಪ್ಪು. ಅಡವಿಯ ಹಟ್ಟಿಯಲ್ಲಿರುವ ಕುರಿಗಳಿಗೆ ಪಶು ಆಸ್ಪತ್ರೆಯಿಂದ ಲಸಿಕೆ ಒಯ್ಯುವಾಗ ಅವನು ಮಾಡುತ್ತಿದ್ದದ್ದೇ ಹೀಗೆ. ಉಪ್ಪು ಬಿದ್ದರೆ ಬರ್ಫಕ್ಕೆ ಥಂಡಿ ಇನ್ನೂ ಏರುತ್ತದೆ. ಆ ಬಿಸಿಲಿನಲ್ಲೂ ಒಂದು ಹನಿ ಔಷಧ ಕೆಡಿಸಿದವನಲ್ಲ. ಕುರಿಗೇ ಅಷ್ಟು ಜೋಪಾನ ಮಾಡಿದವನು ಮಗಳ ವಿಷಯದಲ್ಲಿ ಕಡಿಮೆ ಮಾಡುತ್ತಾನೆಯೇ? ಉಪ್ಪನ್ನು ಒಂದು ಹಿಡಿ ಹೆಚ್ಚಿಗೇ ಹಾಕಿದ್ದ. ಇದನ್ನು ಬರ್ಫದಲ್ಲಿ ಇಡಬೇಡ ಎಂದು ಸಿಂದಗಿಯಲ್ಲಿ ಒಬ್ಬರೂ ಬಾಯಿಬಿಟ್ಟಿರಲಿಲ್ಲ. ಕೊಳವೆಯೊಳಗಿನ ಮಜ್ಜೆ ಹೆಪ್ಪುಗಟ್ಟಿ ಕಲ್ಲಾಗಿತ್ತು. ಹಾಗಾದರೆ ಅದರ ಕೋಶಗಳು ಸಾಯುತ್ತವೆ.

ಅವನನ್ನು ಹೊರಗೆ ಕೂರಿಸಿ, ಗೊತ್ತಿದ್ದೂ ಗೊತ್ತಿದ್ದೂ ಅದನ್ನು ಕರಗಿಸಿ ಬಣ್ಣ ಕೂಡಿಸಿದಳು. ಒಂದೊಂದು ಪ್ರತಿಕಾಯಕ್ಕೂ, ಅಂದರೆ ಆಂಟಿಬಾಡಿಗೂ, ಒಂದೊಂದು ಹೊಳೆಯುವ ಬಣ್ಣ ಕಟ್ಟಿರುತ್ತಾರೆ. ಅದು ತನ್ನ ಗುರುತಿರುವ ಕೋಶವನ್ನೇ ಹುಡುಕಿ ಅಂಟಿಕೊಳ್ಳಬೇಕು. ಕೋಶಗಳು ಲೇಸರ್ ಬೆಳಕಿನ ಮುಂದೆ ಒಂದೊಂದಾಗಿ ಹಾದುಹೋಗುವಾಗ ಯಾವ ಬಣ್ಣ ಹೊಳೆಯಿತೋ ಅದರ ಮೇಲಿಂದ ರೋಗದ ಹೆಸರು, ಹೆಸರಿನ ಮೇಲಿಂದ ಔಷಧ. ಸತ್ತ ಕೋಶಗಳಿಗೆ ಈ ರೀತಿ ರಿವಾಜು ಯಾವುದೂ ಇಲ್ಲ. ಬಂದ ಬಣ್ಣವನ್ನೆಲ್ಲ ಮೈಗೆ ಬಳಿದುಕೊಂಡು ಕೂರುತ್ತವೆ.

ಪರದೆಯ ತುಂಬ ಕಸ. ಒಂದು ಮೂಲೆಯಲ್ಲಿ ಮಾತ್ರ ಒಂದಿಷ್ಟು ಚುಕ್ಕಿಗಳು ಗುಂಪಾಗಿದ್ದವು, ಗೊತ್ತಿರುವ ಒಂದು ಕ್ಯಾನ್ಸರಿನ ಹಾಗೆಯೇ. ಇದನ್ನೇ ಬರೆದುಬಿಡಲೇ ಎಂದು ನಾಜಿಮಾಳ ದಣಿದ ಮನಸ್ಸು ಕೇಳಿತು. ಹುಡುಗಿಗೆ ಇನ್ನೊಂದು ಸೂಜಿ ತಪ್ಪುತ್ತದೆ, ತನಗೆ ಇನ್ನೊಂದು ರಗಳೆ ತಪ್ಪುತ್ತದೆ. ಹಾಗೆ ಅನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಸತ್ತವುಗಳನ್ನು ತೋರಿಸಿಕೊಡುವ ಬಣ್ಣ ಹಾಕಿ ನೋಡಿದಳು. ಆ ಗುಂಪೂ ಸತ್ತದ್ದೇ.

ಹೊರಗೆ ಬಂದಾಗ ಸೋಮನಿಂಗ ಎದ್ದು ನಿಂತ. ಅವನ ಮುಖ ನೋಡಿ ಅವಳ ನಾಲಿಗೆ ಸುಳ್ಳಿಗೆ ಹೊರಳಿತು.

"ಕಾಕಾ, ನಮ್ಮ ಮಶೀನ ಕೈ ಕೊಟ್ಟೈತ್ರಿ. ಇನ್ನೊಮ್ಮಿ ತೆಗೀಬೇಕಾಗ್ತೈತಿ."

ಅವನು ಮಶೀನಿಗೂ ಅದನ್ನು ಮಾಡಿದವರಿಗೂ ಸಾಕಷ್ಟು ಬೈದ. ಬೈದು ಬೈದು ಸುಸ್ತಾದ ಮೇಲೆ ಅವನೇ ಸಮಾಧಾನ ತಂದುಕೊಂಡು ಹೇಳಿದ:

"ಆಗ್ಲಿ ಬಾಯಾರ. ಈ ಸಲ ಇದಕ್ಕಿಂತ ದೊಡ್ಡ ಥರ್ಮಾಸ ತರ್ತೇನಿ. ಬರ್ಫ ಒಂಚೂರೂ ಕರಗಗೊಡಾಂಗಿಲ್ಲ."

ನಾಜಿಮಾ ಅವನನ್ನೂ ಕೂರಿಸಿ ಪಕ್ಕದಲ್ಲೇ ಬೆಂಚಿನ ಮೇಲೆ ಕೂತಳು. ಕರುಣೆಯಿಂದ ಆಡಿದ ಸುಳ್ಳಿಗೆ ಆ ಹುಡುಗಿಯ ಎಲುಬು ಮತ್ತೊಮ್ಮೆ ವ್ಯರ್ಥವಾಗಿ ತೂತಾಗುತ್ತಿತ್ತು.

"ಮಶೀನ ಕೆಟ್ಟಿಲ್ಲ ಕಾಕಾ, ನಾ ಸುಳ್ಳ ಹೇಳಿದೆ. ಇದನ್ನ ಬರ್ಫದಾಗ ಇಡಬಾರದಿತ್ತು. ಇದು ಜೀವಂತ ಬರಬೇಕ್ರಿ."

ಅವನಿಗೆ ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ. ನಿಮಗೆ ಯಾರೂ ಹೇಳಿರಲಿಲ್ಲವಲ್ಲ, ತಪ್ಪು ನಿಮ್ಮದಲ್ಲ ಎಂದು ಅವಳು ಹೇಳುತ್ತಲೇ ಇದ್ದಳು. ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಸುವರ್ಣಾಗೆ ತಾನೇ ಫೋನು ಮಾಡುತ್ತೇನೆ ಎಂದು ನಾಜಿಮಾ ಅಂದಾಗ ಮಾತ್ರ ಬೇಡವೆಂದು ತಲೆ ಅಲ್ಲಾಡಿಸಿ, ತನ್ನ ಫೋನು ತೆಗೆದು ಮಗಳಿಗೆ ತಾನೇ ಹೇಳಿದ. ನಿನ್ನಪ್ಪನೇ ಕೆಡಿಸಿದನವ್ವ ಎಂದ. ಆಮೇಲೆ ಅವನು, ನಿಮ್ಮ ಜೊತೆ ಮಾತಾಡಬೇಕಂತೆ ಎಂದು ಫೋನನ್ನು ನಾಜಿಮಾಳ ಕೈಗೆ ಕೊಟ್ಟ. ಅವಳು ಅದನ್ನು ಕಿವಿಗೆ ಒತ್ತಿ ಹಿಡಿದಳು.

"ಅಕ್ಕಾರ, ನಾ ಸೂಜಿ ಹಾಕಿಸ್ಕೋತೇನ್ರಿ," ಎಂದಳು ಹುಡುಗಿ, ಮೆಲ್ಲಗೆ. "ಆದ್ರ ಈ ಸಲ ಅಪ್ಪನ ಕೈಯಾಗ ಕೊಡಬ್ಯಾಡ್ರಿ. ಮತ್ತ ಏನರ ಆದ್ರ ಅಂವ ತಡಕೊಳ್ಳಾಂಗಿಲ್ಲ."

ಮರುದಿನ ನಾಜಿಮಾಳ ರಜೆ. ಮಧ್ಯಾಹ್ನದವರೆಗೆ ಮಲಗಬೇಕೆಂದು ವಾರವಿಡೀ ಕಾದಿದ್ದಳು. ನಾಳೆ ಸಿಂದಗಿಗೆ ತಾನೇ ಬಂದು ಮಜ್ಜೆ ಒಯ್ಯುತ್ತೇನೆ ಎಂದು ಹೇಳಿ ಫೋನು ಇಟ್ಟಳು. ಮಗಳು ಏನಂದಳು ಎಂದು ಸೋಮನಿಂಗ ಕೇಳಿದ.

"ಹ್ಞೂ ಅಂದಾಳ್ರಿ ಕಾಕಾ," ಎಂದಳು. ಉಳಿದದ್ದನ್ನು ತನ್ನಲ್ಲೇ ಇಟ್ಟುಕೊಂಡಳು.