ಮೋಸೆಲ್ ದಂಡೆಯ ಪಾವಣ್ಯಾರು

ಮನೆಗೆ ಬಂದ ಅತಿಥಿಯ ಬಗ್ಗೆ ಧನಪಾಲ ತಾಯಿಗೆ ಅರ್ಧ ಮಾತಷ್ಟೇ ಹೇಳಿದ್ದ. ಜರ್ಮನಿಯವರು, ನಮ್ಮಂತೆಯೇ ದ್ರಾಕ್ಷಿ ಬೆಳೆಯುವವರು. ಆ ದ್ರಾಕ್ಷಿಯಿಂದ ಅವರು ವೈನ್ ಮಾಡಿ ಮಾರುತ್ತಾರೆಂಬ ಇನ್ನರ್ಧ ಅವನ ಗಂಟಲಲ್ಲೇ ಉಳಿದಿತ್ತು.

ಉಳಿಯದೆ ಏನು ಮಾಡೀತು? ಸತ್ತಿ ಊರಿನ ಹೊಲಕ್ಕೆ ದ್ರಾಕ್ಷಿ ಹಚ್ಚಿದ ವರ್ಷ ಕಮಲಾಬಾಯಿ ಮಗನನ್ನು ಬಸದಿಗೆ ಕರೆದೊಯ್ದು, ಒಂದು ಹಣ್ಣೂ ಹೆಂಡ-ಸೆರೆ ಮಾಡುವವರ ಕೈಗೆ ಹೋಗಬಾರದೆಂದು ಆಣೆ ಮಾಡಿಸಿದ್ದಳು. ಅವನ ಬೆಳೆಯೆಲ್ಲ ಒಣದ್ರಾಕ್ಷಿಯಾಗುತ್ತಿತ್ತು. ಈಗ ಸೆರೆ ಮಾಡುವವನಿಗೇ ಅವಳು ಜೋಳದ ಭಕ್ಕರಿ ಬಡಿಸುವಳೇ? ಹಿಂದಿನ ವರ್ಷ, ತೊಂಬತ್ನಾಲ್ಕರಲ್ಲಿ, ರೈತರ ಪ್ರವಾಸದಲ್ಲಿ ಜರ್ಮನಿಗೆ ಹೋದಾಗ ಇದೇ ವೆರ್ನರ್ ಅವನನ್ನು ಮನೆಯಲ್ಲಿಟ್ಟುಕೊಂಡು, ಮೊಟ್ಟೆ ಸೋಂಕದ ಪಾತ್ರೆಯಲ್ಲಿ ಅನ್ನ ಮಾಡಿಕೊಟ್ಟಿದ್ದರು. ಅಂಥವರು ಹಸಿದು ಎದ್ದುಹೋದರೆ ಮುಖ ಎಲ್ಲಿಡುವುದು?

ಹೊತ್ತು ಇಳಿಯುತ್ತಿತ್ತು. ವೆರ್ನರ್ ಮಾತ್ರ ತೋಟ ಬಿಟ್ಟು ಏಳಲೊಲ್ಲರು. ಅಕ್ಟೋಬರಿನ ಕತ್ತರಿ ಕೆಲಸ ನಡೆದಿತ್ತು. ವರ್ಷಕ್ಕೆ ಎರಡು ಸಲ ಬಳ್ಳಿ ಸವರುತ್ತಾರೆಂದು ಕೇಳಿ ಅವರಿಗೆ ದಿಗಿಲು. "ಹಾಗಾದರೆ ಈ ಬಳ್ಳಿ ಮಲಗುವುದು ಯಾವಾಗ?" ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದ್ದರು. ಊಟಕ್ಕೆ ಕರೆದರೆ ಕೈಬೀಸಿ ಬೇಡವೆಂದರು. ಅವರ ಮೋಸೆಲ್ ನದಿಯ ದಂಡೆ ಗೋಡೆಯಂತೆ ಕಡಿದಾದ ಗುಡ್ಡ. ಉಣ್ಣಲು ಇಳಿದವನು ಮತ್ತೆ ಹತ್ತಬೇಕು. ಹಾಗಾಗಿ ಸಾಲು ಮುಗಿಯದೆ ಯಾರೂ ಇಳಿಯುವುದಿಲ್ಲವಂತೆ. ಸಪಾಟಾದ ಸತ್ತಿಯಲ್ಲೂ ಆ ರೂಢಿ ಬಿಡಲಿಲ್ಲ.

ಅಷ್ಟರಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ಕಮಲಾಬಾಯಿಯೇ ಬಂದಳು.

"ಹೊತ್ತ ಮುಣಗಾಕ ಬಂತು. ಮನಿಗಿ ಬಂದ ಪಾವಣ್ಯಾರು ಉಣ್ಣದ ನಾ ಹೆಂಗ ಉಣ್ಲಿ? ಹೊತ್ತ ಮುಣಗಿದ ಮ್ಯಾಲ ಅಂತೂ ಉಣ್ಣಂಗಿಲ್ಲ. ನನ್ನ ಉಪಾಸ ಮಲಗಸೋ ವಿಚಾರ ಐತೇನ್ ನಿಂದು?"

ಬದುವಿನ ಮೇಲೆ ಭಕ್ಕರಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ವೆರ್ನರ್ ಕಾಲು ಮಡಚಲಾಗದೆ ಚಾಚಿ ಕುಳಿತು, ಬಾಯಿ ಚಪ್ಪರಿಸಿ ತಿಂದರು. ಕಮಲಾಬಾಯಿಯೂ ಅವಸರದಿಂದ ಉಂಡಳು. ಧನಪಾಲನಿಗೆ ತುತ್ತು ಮುಟ್ಟುವ ಧೈರ್ಯವಿಲ್ಲ.

"ಲೇ, ಅವ್ರಿಗಿ ಕೇಳು. ಅವ್ರ ದ್ರಾಕ್ಷಿ ಏನ್ ಮಾಡ್ತಾರಂತ?"

"ಒಣಗಸ್ತಾರ ಅವ್ವ. ನಮ್ಹಂಗ."

"ನೀ ಇನ್ನಾ ಕೇಳೇ ಇಲ್ಲಲ್ಲ!"

ಅವಳು ಬಳ್ಳಿ ತೋರಿಸಿ, ಅಂಗೈ ಮೇಲೆತ್ತಿ ಏನು ಎಂಬಂತೆ ವೆರ್ನರ್ ಕಡೆ ತಾನೇ ತಿರುಗಿದಳು. ವೆರ್ನರ್ ನಕ್ಕು, ಇಲ್ಲದ ಗ್ಲಾಸೊಂದನ್ನು ಬಿಸಿಲಿಗೆ ಹಿಡಿದು ನೋಡಿ, ಗಟಗಟ ಕುಡಿದು, ಕಣ್ಣು ಮುಚ್ಚಿ ತೂಗಾಡಿದರು.

ಧನಪಾಲ ನೆಲ ನೋಡಿದ. ಕಮಲಾಬಾಯಿಯ ಕೈ ಬುಟ್ಟಿಯ ಮೇಲೆ ನಿಂತಿತು.

"ನೀ ಹೇಳ್ತಿದ್ದ ಅವ್ರ ಗುಡ್ಡದಾಗ ಜ್ವಾಳ ಬರಂಗಿಲ್ಲೇನು?" ಕಡೆಗೆ ಕೇಳಿದಳು.

"ಇಲ್ಲ ಅವ್ವ. ಬರೇ ಕಲ್ಲಿನ ಚಪ್ಪಡಿ. ಬಳ್ಳಿ ಬಿಟ್ರ ಏನೂ ಹಿಡಿಯಂಗಿಲ್ಲ."

"ಮತ್ತ ಪಾಪ, ಏನ್ ಮಾಡ್ಬೇಕವ್ರು? ಆಣಿ ಮಾಡಿದಾಂವ ನೀ, ಅವ್ರಲ್ಲ." ವೆರ್ನರ್ ತಟ್ಟೆಗೆ ಇನ್ನೊಂದು ಭಕ್ಕರಿ ಬಿತ್ತು. "ನನ್ ಮುಂದ ಸುಳ್ಳ್ಯಾಕ ಹೇಳಿದ್ಯೋ, ಭಾಡ್ಯಾ? ಮನಿಗಿ ಬಂದವ್ರನ್ನ ಹೊರಗ ಹಾಕಾಕಿ ಅಂತ ತಿಳಿದೇನ್ ನನ್ನ?"

ಎದೆಯ ಮೇಲಿನ ಕಲ್ಲು ಇಳಿದಂತಾಗಿ ಧನಪಾಲ ಬುಟ್ಟಿಗೆ ಕೈ ಹಾಕಿದ. ಅವಳು ಅರಿವೆ ಎಳೆದು ಮುಚ್ಚಿದಳು. ಕೃಷ್ಣಾ ನದಿಯಾಚೆ ಸೂರ್ಯ ಇರಲಿಲ್ಲ.

"ಅವ್ವಾ, ಒಂದ ತುತ್ತು..."

"ನಾಳೆ ಮುಂಜಾನಿ. ಈಗ ಪಾವಣ್ಯಾರಿಗಿ ಕೇಳು, ಹಾಸಿಗಿ ಎಲ್ಲಿ ಹಾಸ್ಲಿ ಅಂತ."

ಧನಪಾಲ ಈ ಸಲ ಒಂದಕ್ಷರ ಬಿಡದೆ ಅನುವಾದಿಸಿದ. ನಡುನಡುವೆ ಅವನ ಹೊಟ್ಟೆಯೂ ಗುರ್ರೆಂದಿತು. ಅದು ವೆರ್ನರ್‌ಗೆ ಅನುವಾದವಿಲ್ಲದೇ ತಿಳಿದು, ಅವರು ಕಮಲಾಬಾಯಿಯ ಮುಖ ನೋಡಿದರು. ಇಬ್ಬರೂ ಒಟ್ಟಿಗೇ ನಕ್ಕರು.